ಶಿವರಾತ್ರಿವರೆಗೂ ಕೆಂಡ

ಇದನ್ನು ಹೇಳುವ ಧೈರ್ಯ ಮಾಡಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಕಥೆ ಬರೆದು ಅಭ್ಯಾಸವಿದ್ದವನಲ್ಲ. ಹಗಲು ಕೆಲಸ ಮಾಡಿ, ಸಂಜೆ ತರಗತಿಗಳಲ್ಲಿ ಕೂತು ಓದಿದವನು. ಒಂದು ವಾಕ್ಯ ಬರೆದರೆ ಸರಿಯಿದೆಯೋ ಇಲ್ಲವೋ ಎಂದು ಮೂರು ಸಲ ಓದಿಕೊಳ್ಳುತ್ತೇನೆ. ಅದಕ್ಕಿಂತ ದೊಡ್ಡ ಅಳುಕೆಂದರೆ, ಈ ವಿಷಯ ಸೆಲ್ವಿ ಎಂಬ ಹೆಣ್ಣುಮಗಳಿಗೆ ಸೇರಿದ್ದು. ಅವಳನ್ನು ಒಂದು ಮಾತು ಕೇಳದೆ ಹೇಳುತ್ತಿದ್ದೇನೆ. ಹೇಳಬೇಕಾದ ದಿನ ಬಾಯಿ ಬಿಡದವನು ಈಗ ಇಷ್ಟುದ್ದ ಬರೆಯುವುದು ನನಗೇ ನಾಚಿಕೆ ತರುತ್ತಿದೆ.

೨೦೦೬ನೇ ಇಸವಿ. ನನಗೆ ಇಪ್ಪತ್ತಾರು ವರ್ಷ. ಹೊಸೂರಿನಿಂದ ಕೆಲಮಂಗಲಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ ರಾಮಕೃಷ್ಣಪ್ಪನವರ ಚಾಕಿ ಕೇಂದ್ರವಿತ್ತು. ಅಲ್ಲಿ ನಾನು ಕೆಲಸಕ್ಕಿದ್ದೆ. ಚಾಕಿ ಎಂದರೆ ಮೊಟ್ಟೆಯಿಂದ ಆಗತಾನೇ ಹೊರಬಂದ ರೇಷ್ಮೆ ಹುಳುಗಳನ್ನು ಎಂಟು ಹತ್ತು ದಿನ ಸಾಕಿ ರೈತರಿಗೆ ಕೊಡುವ ಕೆಲಸ. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿಕೊಂಡು ಒಂದು ದಿನ ಸುಮ್ಮನೆ ನಿಂತುಬಿಡುತ್ತದೆ. ಅದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಎರಡನೇ ಜ್ವರ ಎದ್ದ ಹುಳುವನ್ನು ನಾವು ಮನೆಮನೆಗೆ ತಲುಪಿಸುತ್ತಿದ್ದೆವು. ಆಮೇಲಿನದು ರೈತರ ಪಾಡು.

ಚಾಕಿ ಕೋಣೆಯ ಬಿಸಿ ಇಪ್ಪತ್ತೇಳು, ಇಪ್ಪತ್ತೆಂಟು ಡಿಗ್ರಿಯಲ್ಲಿರಬೇಕು. ಹೊಸೂರಿನ ಚಳಿಗಾಲದಲ್ಲಿ ಅದು ತಾನಾಗಿ ಬರುವುದಿಲ್ಲ. ಆದ್ದರಿಂದ ಸಂಜೆ ಐದರ ಹೊತ್ತಿಗೆ ಅಂಗಳದಲ್ಲಿ ಇದ್ದಿಲು ಉರಿಸಿ, ಹೊಗೆಯೆಲ್ಲ ಹೋಗಿ ಬರೀ ಕೆಂಡವಾದ ಮೇಲೆ ಅಗ್ಗಿಷ್ಟಿಕೆಗೆ ತುಂಬಿ ಒಳಗಿಟ್ಟು ಬಾಗಿಲು ಮುಚ್ಚುತ್ತಿದ್ದೆವು. ಇದು ಯಾವತ್ತಿನಿಂದ ಯಾವತ್ತಿನವರೆಗೆ ಎಂಬುದಕ್ಕೆ ಉಷ್ಣಮಾಪಕ ಕೇಳುವ ಪದ್ಧತಿ ಇರಲಿಲ್ಲ. ಕಾರ್ತೀಕ ಸೋಮವಾರದಿಂದ ಶಿವರಾತ್ರಿವರೆಗೆ. ರಾಮಕೃಷ್ಣಪ್ಪನವರ ತಂದೆಯ ಕಾಲದಿಂದಲೂ ಹಾಗೆಯೇ.

ಹಿಂದಿನ ವರ್ಷ ಜನವರಿಯಲ್ಲಿ ಒಂದು ದಿನ ನಾನು ನನ್ನ ಅಂದಾಜಿನ ಮೇಲೆ ಕೆಂಡ ಇಡದೆ ಹೋಗಿದ್ದೆ. ಬೆಳಗಿನ ಜಾವ ಚಳಿ ಬಿದ್ದು, ಅರ್ಧ ಹುಳು ಜ್ವರಕ್ಕೆ ಕೂತು ಇನ್ನರ್ಧ ಸೊಪ್ಪು ತಿನ್ನುತ್ತಾ ಉಳಿದುಬಿಟ್ಟಿತು. ಇಬ್ಬರು ರೈತರು ತಟ್ಟೆಗಳನ್ನು ವಾಪಸ್ಸು ಕಳಿಸಿದರು. ಅವತ್ತು ರಾಮಕೃಷ್ಣಪ್ಪ ಆಳುಗಳೆದುರಿಗೆ ಅಂದ ಮಾತು ಇನ್ನೂ ಕಿವಿಯಲ್ಲಿದೆ.

"ನಿನ್ನ ಮೈಗೆ ಬೆಚ್ಚಗಾದ್ರೆ ಹುಳಕ್ಕೂ ಬೆಚ್ಚಗಾಗ್ತೈತೇನ್ಲಾ ಯತಿರಾಜ? ಸಂಜೆ ಹೊತ್ತು ಓದೀ ಓದೀ ಬುದ್ಧಿ ಜಾಸ್ತಿ ಆಗ್ಬುಟ್ಟೈತೆ ನಿಂಗೆ. ಶಿವರಾತ್ರಿವರೆಗೂ ಕೆಂಡ ಅಂದ್ರೆ ಶಿವರಾತ್ರಿವರೆಗೂ ಕೆಂಡ. ನಮ್ಮಪ್ಪ ಇಟ್ಟ, ನಾನಿಟ್ಟೆ. ನೀನ್ಯಾವ ಊರ ದೊರೆ?"

ನಾನು ಅವತ್ತಿನಿಂದ ಒಂದು ದಿನವೂ ತಪ್ಪಿಸಲಿಲ್ಲ.

ಆ ವರ್ಷ ಫೆಬ್ರವರಿ ಮೊದಲ ವಾರ ಕಳೆಯುತ್ತಿದ್ದಂತೆ ಹವೆ ಬದಲಾಯಿತು. ಹೊಸೂರಿನವರಿಗೆ ತಮ್ಮ ಊರಿನ ತಂಪಿನ ಬಗ್ಗೆ ಒಂದು ಜಂಬವುಂಟು. ಫೆಬ್ರವರಿಯಲ್ಲಿ ಸೆಕೆಯಾಗುತ್ತಿದೆ ಎಂದು ಒಪ್ಪಿಕೊಳ್ಳಲು ಯಾರಿಗೂ ಇಷ್ಟವಿರಲಿಲ್ಲ. ಬೆಳಗಿನ ಪಾಳಿಗೆ ಹೋಗುವವರು ಅಭ್ಯಾಸದಿಂದ ಸ್ವೆಟರ್ ಹಾಕಿಕೊಂಡು ಬಸ್ಸು ಹತ್ತಿ, ಕಾರ್ಖಾನೆ ಗೇಟಿನಲ್ಲಿ ಇಳಿಯುವಷ್ಟರಲ್ಲಿ ಅದನ್ನು ಸೊಂಟಕ್ಕೆ ಕಟ್ಟಿಕೊಂಡಿರುತ್ತಿದ್ದರು. ಹತ್ತು ಗಂಟೆಗೇ ದನಗಳು ನೆರಳು ಹುಡುಕುತ್ತಿದ್ದವು. ಐಸ್ ಕ್ಯಾಂಡಿಯವನು ಎರಡು ತಿಂಗಳು ಮುಂಚೆಯೇ ಗಂಟೆ ಬಾರಿಸುತ್ತಾ ಬಂದ. ಅವನನ್ನು ನೋಡಿ ಜನ ನಕ್ಕರು, ಆಮೇಲೆ ಕೊಂಡರು. ನಾಲ್ಕು ದಿನದಲ್ಲಿ ಹೋಗುತ್ತೆ ಬಿಡು ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಹೇಳಿದ್ದೆ.

ಒಂಬತ್ತನೇ ತಾರೀಕು, ಗುರುವಾರ. ಸಂಜೆ ತರಗತಿಯಲ್ಲಿ ಪರೀಕ್ಷೆಯಿತ್ತು, ಐದೂ ಕಾಲರ ಬಸ್ಸು ಹಿಡಿಯಬೇಕಿತ್ತು. ನಾಲ್ಕೂವರೆಗೆ ಕೋಣೆಯೊಳಗೆ ಹೋಗಿ ನೋಡಿದರೆ ಕೆಂಡವಿಲ್ಲದೆಯೇ ಇಪ್ಪತ್ತೊಂಬತ್ತು ತೋರಿಸುತ್ತಿತ್ತು. ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ರಾಮಕೃಷ್ಣಪ್ಪ ಊರಲ್ಲಿರಲಿಲ್ಲ. ಅಂಗಳದಲ್ಲಿ ಅವತ್ತು ಬೇಗ ಹಚ್ಚಿದ್ದ ಇದ್ದಿಲು ಕೆಂಡವಾಗಿ ಕಾಯುತ್ತಿತ್ತು. ಕತ್ತಲಾದರೆ ತಂಪಾಗುತ್ತದೆ ಎಂದುಕೊಂಡೆ. ಇಡದಿದ್ದರೆ ಬೈಗುಳ, ಇಟ್ಟರೆ ಸೆಕೆ. ಎರಡರ ನಡುವೆ ನಿಂತು ನಾನು ಯಾವಾಗಲೂ ಮಾಡುವುದನ್ನೇ ಮಾಡಿದೆ. ಎರಡು ಅಗ್ಗಿಷ್ಟಿಕೆಯ ಬದಲು ಒಂದನ್ನು ಇಟ್ಟೆ. ಬಾಗಿಲು ಮುಚ್ಚಿ, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು, ಸ್ವೆಟರನ್ನು ಕೈಮೇಲೆ ಹಾಕಿಕೊಂಡು ಬಸ್ಸಿಗೆ ಓಡಿದೆ. ಪರೀಕ್ಷೆ ಚೆನ್ನಾಗಿ ಬರೆದೆ. ಅಲ್ಲಿಂದ ನೇರ ಮನೆಗೆ ಹೋದೆ.

ಅವತ್ತು ಮೋಡ ಕಟ್ಟಿ, ಹೊತ್ತು ಮುಳುಗಿದರೂ ಗಾಳಿ ಕದಲಲಿಲ್ಲ. ಬೆಳಗ್ಗೆ ಏಳು ಗಂಟೆಗೆ ಚಾಕಿ ಕೋಣೆಯ ಬಾಗಿಲು ತೆಗೆದಾಗ ಮುಖಕ್ಕೆ ಬಿಸಿ ಬಡಿಯಿತು. ನಮ್ಮಲ್ಲಿದ್ದದ್ದು ಎರಡು ಕಾಲಿನ, ಅಂದರೆ ಎರಡು ಕೊಳವೆಯ ಉಷ್ಣಮಾಪಕ. ಅದರೊಳಗೆ ಸೂಜಿಮೊನೆಯಷ್ಟು ಕಬ್ಬಿಣದ ಕಡ್ಡಿಗಳಿರುತ್ತವೆ. ಬಿಸಿ ಏರಿದಾಗ ಪಾದರಸ ಒಂದು ಕಡ್ಡಿಯನ್ನು ಮೇಲೆ ತಳ್ಳುತ್ತದೆ. ಬಿಸಿ ಇಳಿದರೂ ಕಡ್ಡಿ ಅಲ್ಲಿಯೇ ನಿಂತು, ನಾವಿಲ್ಲದಾಗ ಎಷ್ಟರವರೆಗೆ ಹೋಗಿತ್ತು ಎಂದು ಹೇಳುತ್ತದೆ. ಅದು ಮೂವತ್ತಾರರಲ್ಲಿ ನಿಂತಿತ್ತು.

ಹುಳುಗಳನ್ನು ನೋಡಿದೆ. ಸೊಪ್ಪು ಹಾಕಿದೆ. ತಿಂದವು. ಒಂದು ತಟ್ಟೆಯಲ್ಲಿ ಸ್ವಲ್ಪ ನಿಧಾನವಾಗಿದ್ದಂತೆ ಕಂಡಿತು, ಅದು ನನ್ನ ಹೆದರಿಕೆಯೂ ಇರಬಹುದು. ಕಡ್ಡಿಯನ್ನು ಕೆಳಗಿಳಿಸಲು ಒಂದು ಪುಟ್ಟ ಅಯಸ್ಕಾಂತವನ್ನು ದಾರದಲ್ಲಿ ಕಟ್ಟಿ ಗೋಡೆಗೆ ತೂಗುಹಾಕಿದ್ದೆವು. ರೂಢಿ ಏನೆಂದರೆ ಮೊದಲು ರಿಜಿಸ್ಟರಿನಲ್ಲಿ ಬರೆಯಬೇಕು, ಆಮೇಲೆ ಕಡ್ಡಿ ಇಳಿಸಬೇಕು. ನಾನು ಮೊದಲು ಕಡ್ಡಿ ಇಳಿಸಿದೆ. ಆಮೇಲೆ ಬರೆದೆ: ಗರಿಷ್ಠ ೨೮.

ಹನ್ನೆರಡನೇ ತಾರೀಕು ಆ ಹುಳುಗಳನ್ನು ಎರಡು ಮನೆಗೆ ಕೊಟ್ಟೆವು. ಒಂದು ಸೊಣ್ಣಪ್ಪನ ಮನೆ. ಇನ್ನೊಂದು ಆವುಲಪ್ಪನವರದು. ಎರಡೂ ಕೆಲಮಂಗಲದ ಆಚೆ ಎರಡು ಮೈಲಿ ದೂರದ ಒಂದೇ ಹಳ್ಳಿಯಲ್ಲಿದ್ದವು. ಆವುಲಪ್ಪನವರ ಮಗ ವೇಣು ಹೊಸೂರಿನ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು. ಅದೇ ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ, ಹಾಸ್ಟೆಲಿನಲ್ಲಿದ್ದುಕೊಂಡು ಕೆಲಸ ಮಾಡುತ್ತಿದ್ದ ಕಡಲ ತೀರದ ಕಡಲೂರಿನ ತಮಿಳು ಹುಡುಗಿ ಸೆಲ್ವಿಯನ್ನು ಇಷ್ಟಪಟ್ಟು ಮದುವೆಯಾಗಿದ್ದ. ಆರು ತಿಂಗಳಾಗಿತ್ತು. ಅವನ ತಾಯಿ ವರಲಕ್ಷ್ಮಮ್ಮ ಮದುವೆಗೆ ಬಂದಿದ್ದರು, ಆದರೆ ಊಟ ಮಾಡಿರಲಿಲ್ಲ ಎಂದು ಹಳ್ಳಿಯಲ್ಲಿ ಹೇಳುತ್ತಿದ್ದರು. ಮದುವೆಯಾದ ಮೇಲೆ ಸೆಲ್ವಿ ಕೆಲಸ ಬಿಟ್ಟು ಅತ್ತೆಯ ಜೊತೆ ಹುಳುವಿನ ಕೆಲಸಕ್ಕೆ ನಿಂತಿದ್ದಳು.

ಬೆಳಗ್ಗೆ ಎಂಟು ಗಂಟೆಗೆ ಟೆಂಪೊದಿಂದ ತಟ್ಟೆ ಇಳಿಸುವಾಗಲೇ ಎಲ್ಲರೂ ಬೆವರುತ್ತಿದ್ದೆವು. ಸೆಲ್ವಿ ಚೊಂಬಿನಲ್ಲಿ ನೀರು ತಂದುಕೊಟ್ಟಳು.

"ಅಣ್ಣಾ, ಇದು ಅಪ್ಪಡಿಯೇ, ಹಂಗೇ ನಮ್ಮ ಕಡಲೂರು ಗಾಳಿ. ಮೈಗೆ ಹೆಂಗೆ ಅಂಟ್ಕೊಳ್ತಿದೆ ನೋಡಿ. ಅಲ್ಲಿ ಚಿತ್ತಿರೈ ಬೇಸಿಗೆಗೆ ಬರೋದು ಇಲ್ಲಿ ತೈ ತಿಂಗಳ ಚಳಿ ಮುಗಿಯೋಕೆ ಮುಂಚೆ ಬಂದ್ಬಿಟ್ಟಿದೆ."

"ಇನ್ನೇನು ಮತ್ತೆ," ಎಂದರು ವರಲಕ್ಷ್ಮಮ್ಮ, ತಟ್ಟೆಯ ಮೇಲಿನ ಬಟ್ಟೆ ಸರಿಸುತ್ತಾ. "ಬರೋವಾಗ ಅವ್ರೂರ ಸೆಕೆನ ಸೆರಗಲ್ಲಿ ಗಂಟು ಕಟ್ಕೊಂಡು ಬಂದವ್ಳೆ."

"ಹುಳ ಇರೋವಾಗ ಮೀನು ತರ್ಬೇಡ ಅಂದ್ರಿ ಅತ್ತೆ. ಅದಕ್ಕೆ ಸೆಕೆ ತಂದೆ."

ಆವುಲಪ್ಪ ಜೋರಾಗಿ ನಕ್ಕುಬಿಟ್ಟರು. ವರಲಕ್ಷ್ಮಮ್ಮನವರಿಗೂ ನಗು ಬಂದಿತ್ತು, ಆದರೆ ಅವರು ಮುಖವನ್ನು ಹುಳುವಿನ ಕಡೆ ತಿರುಗಿಸಿಕೊಂಡರು. "ಹುಳ ಚೆನ್ನಾಗವೇನಪ್ಪ ಯತಿರಾಜ? ಕೈಯಲ್ಲಿ ಹಿಡಿದ್ರೆ ಯಾಕೋ ಹಗುರ ಅನ್ಸ್ತವೆ."

"ಚೆನ್ನಾಗವೆ ಅಮ್ಮ," ಎಂದೆ.

ಹುಳುವಿನ ಮನೆಗೆ ಕೆಲವು ಕಟ್ಟುಗಳಿವೆ. ಚಪ್ಪಲಿ ಬಿಡಬೇಕು, ಸುಣ್ಣ ತುಳಿದು ಒಳಗೆ ಹೋಗಬೇಕು, ಒಗ್ಗರಣೆಯ ಘಾಟು ಆ ಕಡೆ ಹೋಗಬಾರದು. ಮುಟ್ಟಾದ ಹೆಂಗಸರು ಮೂರು ದಿನ ಹೊಸಿಲು ದಾಟಬಾರದು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹಿತ್ತಿಲ ಜಗಲಿಯಲ್ಲಿ ಹೋಗಿ ಕೂತರೆ ಮನೆಯವರಿಗೆ ತಿಳಿಯುತ್ತದೆ. ನಾನು ಓದಿದ ಸರ್ಕಾರಿ ಕೈಪಿಡಿಯಲ್ಲಿ ಚಪ್ಪಲಿಯ ಬಗ್ಗೆ ಇತ್ತು, ಸುಣ್ಣದ ಬಗ್ಗೆ ಇತ್ತು. ಕೊನೆಯದರ ಬಗ್ಗೆ ಏನೂ ಇರಲಿಲ್ಲ. ಅದನ್ನು ನಾನು ಯಾರ ಹತ್ತಿರವೂ ಯಾವತ್ತೂ ಹೇಳಿರಲಿಲ್ಲ.

ನಾಲ್ಕು ದಿನದ ಸೆಕೆ ಹತ್ತು ದಿನವಾಯಿತು. ಇಪ್ಪತ್ತೆರಡನೇ ತಾರೀಕು ಹುಳು ಹೇಗಿವೆ ಎಂದು ನೋಡಲು ಮೊಪೆಡ್ಡಿನಲ್ಲಿ ಹೋದೆ. ಹುಳು ನಾಲ್ಕನೇ ಜ್ವರ ಎದ್ದಿತ್ತು. ಇನ್ನು ಐದಾರು ದಿನ ಹೊಟ್ಟೆತುಂಬ ತಿಂದು ಗೂಡು ಕಟ್ಟಬೇಕು. ಆವುಲಪ್ಪನವರು ಹಿಂದಿನ ವರ್ಷವಷ್ಟೇ ಹುಳುವಿನ ಮನೆಗೆ ಹೊಸದಾಗಿ ಸಿಮೆಂಟ್ ಶೀಟು ಹೊದಿಸಿದ್ದರು. ಅದರ ಕೆಳಗೆ ಮಧ್ಯಾಹ್ನ ನಿಲ್ಲಲಾಗುತ್ತಿರಲಿಲ್ಲ. ಕಿಟಕಿಗಳೆಲ್ಲ ಮುಚ್ಚಿದ್ದವು. ಉಷ್ಣಮಾಪಕ ಮೂವತ್ತನಾಲ್ಕರಲ್ಲಿತ್ತು.

"ಕಿಟಕಿ ತೆಗಿಬೇಕು ಅಣ್ಣಾ, ಹೇಳಿ ಇವ್ರಿಗೆ," ಎಂದಳು ಸೆಲ್ವಿ. "ನಮ್ಮ ಕಡೆ ಇಂಥ ಗಾಳಿಗೆ ಬಾಗಿಲು ಹಾಕೋದೇ ಇಲ್ಲ. ಗಾಳಿ ಇರ್ಲಿ ಇಲ್ದಿರ್ಲಿ, ತೆಗ್ದೇ ಇಡ್ತೀವಿ."

"ನಿಮ್ಮ ಕಡೆ ಹುಳ ಸಾಕ್ತಾರಾ, ಮೀನು ಒಣಗಿಸ್ತಾರಾ?" ಎಂದರು ವರಲಕ್ಷ್ಮಮ್ಮ. "ಕಿಟಕಿ ತೆಗೆದ್ರೆ ನೊಣ ಬಂದು ಹುಳದ ಮೇಲೆ ಮೊಟ್ಟೆ ಇಕ್ಕುತ್ತೆ. ಹೋಗೋರು ಬರೋರ ಕಣ್ಣು ಬೇರೆ. ನೀನ್ ಹೇಳಪ್ಪ, ಓದ್ದೋನು."

ನನಗೆ ಉತ್ತರ ಗೊತ್ತಿತ್ತು. ಸೊಳ್ಳೆ ಪರದೆ ಹೊಡೆದು ಕಿಟಕಿ ತೆಗೆಯಬೇಕು. ಆದರೆ ಇಬ್ಬರ ಮುಖವನ್ನೂ ನೋಡಿ, "ಅಮ್ಮ ಹೇಳೋದ್ರಲ್ಲೂ ಅರ್ಥ ಇದೆ, ಸೆಲ್ವಿ ಹೇಳೋದ್ರಲ್ಲೂ ಇದೆ," ಎಂದೆ.

ಸೆಲ್ವಿ ನನ್ನನ್ನೇ ನೋಡಿದಳು. "ನೀವು ಹಿಂಗೆ ಎರಡು ಪಕ್ಕನೂ ತಲೆ ತಿರುಗಿಸ್ತಾ ಇದ್ರೆ ಒಳಗೆ ನಿಲ್ಲಿಸ್ಬಿಡ್ತೀನಿ ಅಣ್ಣಾ. ಟೇಬಲ್ ಫ್ಯಾನು ಬೇಕಾಗಲ್ಲ."

ಶೀಟಿನ ಮೇಲೆ ತೆಂಗಿನ ಗರಿ ಹಾಕಿ ನೀರು ಚಿಮುಕಿಸಿ ಎಂದು ಹೇಳಿ ಬಂದೆ. ಅವತ್ತೇ ಸಂಜೆ ಆ ದಾರಿಯಲ್ಲಿ ಬಂದ ರೈತನೊಬ್ಬ, ಆವುಲಪ್ಪನ ಸೊಸೆ ಏಣಿ ಹತ್ತಿ ಶೀಟಿನ ಮೇಲೆ ಗರಿ ಹೊದಿಸುತ್ತಿದ್ದಾಳೆ, ಸೀರೆ ಕಚ್ಚೆ ಹಾಕಿದ್ದಾಳೆ ಎಂದು ನಗುತ್ತಾ ಹೇಳಿದ.

ಇಪ್ಪತ್ತಾರಕ್ಕೆ ಶಿವರಾತ್ರಿ. ಕೆಂಡದ ಕೊನೆಯ ದಿನ. ಮಧ್ಯಾಹ್ನ ವೇಣು ಬೈಕಿನಲ್ಲಿ ಬಂದು, "ಬೇಗ ಬಾ, ಹುಳ ಹೋಗ್ತಾ ಅವೆ," ಎಂದ.

ಹುಳುವಿನ ಮನೆಯ ವಾಸನೆ ಬೀದಿಗೇ ಬರುತ್ತಿತ್ತು. ಹುಳುಗಳು ತಟ್ಟೆಯ ಅಂಚಿನಿಂದ ತಲೆ ಕೆಳಗಾಗಿ ಜೋತುಬಿದ್ದಿದ್ದವು. ಮುಟ್ಟಿದರೆ ಮೆತ್ತಗೆ, ಒಳಗೆ ಏನೂ ಇಲ್ಲದಂತೆ. ಇದಕ್ಕೆ ಸಪ್ಪೆ ರೋಗ ಎನ್ನುತ್ತಾರೆ. ಬಿಸಿಯಲ್ಲಿ ಬರುತ್ತದೆ. ಎಳೆಯದರಲ್ಲೇ ಬಿಸಿ ತಗಲಿ ಸೋತ ಹುಳುವಿಗೂ ಬರುತ್ತದೆ, ದೊಡ್ಡದಾದ ಮೇಲೆ ಬಿಸಿ ತಗಲಿದ ಹುಳುವಿಗೂ ಬರುತ್ತದೆ. ಸತ್ತ ಹುಳುವನ್ನು ನೋಡಿ ಇದು ಯಾವ ಬಿಸಿ ಎಂದು ಹೇಳಲಾಗುವುದಿಲ್ಲ. ಆವುಲಪ್ಪ ಮಂಕರಿ ಬುಟ್ಟಿಯಲ್ಲಿ ತುಂಬಿ ತುಂಬಿ ಹಿತ್ತಿಲ ಗುಂಡಿಗೆ ಸುರಿಯುತ್ತಿದ್ದರು. ಸೆಲ್ವಿ ಸುಣ್ಣ ಎರಚುತ್ತಿದ್ದಳು. ಅವಳ ಕಣ್ಣುಗಳು ಕೆಂಪಾಗಿದ್ದವು.

ವರಲಕ್ಷ್ಮಮ್ಮ ಉಪವಾಸವಿದ್ದರು. ಜಗಲಿಯ ಕಂಬಕ್ಕೆ ಒರಗಿ ಕೂತು ಕೇಳಿದರು. "ಇಪ್ಪತ್ಮೂರು ವರ್ಷದಿಂದ ಹುಳ ಸಾಕ್ತಾ ಇವ್ನಿ. ಒಂದು ಸಲ ಹಿಂಗೆ ಆಗಿಲ್ಲ. ಯಾರು ಹೋಗಿದ್ರಿ ಒಳಕ್ಕೆ?"

ಸೆಲ್ವಿ ಸುಣ್ಣ ಎರಚುತ್ತಲೇ ಇದ್ದಳು.

"ಗುರುವಾರ ನಾನು ತೊರಪಲ್ಲಿ ಅಗ್ರಹಾರಕ್ಕೆ ಸೀಮಂತಕ್ಕೆ ಹೋಗಿದ್ದೆ. ಆವತ್ತು ಇವಳು ಹಿತ್ಲಲ್ಲಿ ಕೂತಿರ್ಬೇಕಾಗಿತ್ತು. ಬುಧವಾರ ರಾತ್ರಿಯಿಂದ ಮೂರು ದಿನದ ಲೆಕ್ಕ ನಂಗೆ ಗೊತ್ತು. ಹುಳಕ್ಕೆ ಸೊಪ್ಪು ಇಕ್ಕಿದ್ಯಾರು?"

ಆವುಲಪ್ಪ ಮಂಕರಿ ಕೆಳಗಿಟ್ಟರು. "ನಾನು ಸೊಪ್ಪಿಗೆ ಅಂತ ಹೋಗಿದ್ದೆ. ಬರೋದು ಮೂರು ಗಂಟೆ ಆಯ್ತು."

ಅವಳು ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಮೂರು ಗಂಟೆಯವರೆಗೆ ಹುಳು ಉಪವಾಸವಿತ್ತು ಎಂದಿದ್ದರೂ ಆಗುತ್ತಿತ್ತು. ಸೆಲ್ವಿ ಸುಣ್ಣದ ತಟ್ಟೆಯನ್ನು ಹಿಡಿದುಕೊಂಡೇ ಹೇಳಿದಳು:

"ನಾನೇ ಹಾಕ್ದೆ ಅತ್ತೆ. ಹಿತ್ಲಲ್ಲೇ ಕೂತಿದ್ದೆ. ಬಾಗಿಲ ಸಂದಿಯಿಂದ ನೋಡಿದ್ರೆ, ಬೆಳಗ್ಗೆಯಿಂದ ಸೊಪ್ಪಿಲ್ದೆ ಎಲ್ಲಾ ತಲೆ ಎತ್ತಿ ಹುಡುಕ್ತಾ ಇತ್ತು. ತಿನ್ನೋ ಸದ್ದು ಹಿತ್ಲಿಗೆ ಕೇಳಿಸ್ಲಿಲ್ಲ, ಅದೇ ಭಯ ಆಯ್ತು. ಸ್ನಾನ ಮಾಡ್ಕೊಂಡು ಹೋಗಿ ಹಾಕ್ದೆ. ಹಸಿವು ನೋಡ್ಕೊಂಡು ಹೆಂಗೆ ಕೂತಿರ್ಲಿ?"

ಹುಳು ಸೊಪ್ಪು ತಿನ್ನುವಾಗ ಮಳೆ ಬಿದ್ದಂತೆ ಸದ್ದು ಬರುತ್ತದೆ. ಆ ಸದ್ದು ನಿಂತರೆ ಸಾಕುವವರಿಗೆ ಎದೆ ಹಾರುತ್ತದೆ. ವರಲಕ್ಷ್ಮಮ್ಮನವರಿಗೂ ಅದು ಗೊತ್ತಿದ್ದ ಮಾತೇ. ಆದರೂ ಅವರು ಮಗನ ಕಡೆ ತಿರುಗಿ, "ಕೇಳಿದ್ಯೇನಪ್ಪ?" ಎಂದಷ್ಟೇ ಅಂದರು. ವೇಣು ತನ್ನ ಬೈಕಿನ ಕೀಲಿಯನ್ನು ನೋಡುತ್ತಿದ್ದ.

ನಾನು ಅಲ್ಲೇ ಇದ್ದೆ. ಬಿಸಿಯಿಂದ ಆಗಿರಬಹುದು ಅಮ್ಮ, ಎಲ್ಲಾ ಕಡೆ ಸೆಕೆ ಎಂದು ಮೆಲ್ಲಗೆ ಅಂದೆ. "ಸೊಣ್ಣಪ್ಪನ ಮನೆಗೆ ಸೆಕೆ ಇಲ್ವಾ? ಅವ್ನ ಹುಳ ಹಣ್ಣಾಗ್ತಾ ಅವಂತೆ," ಎಂದರು ಅವರು. ಹುಳು ಗೂಡು ಕಟ್ಟಲು ಸಿದ್ಧವಾಗುವುದಕ್ಕೆ ಹಣ್ಣಾಗುವುದು ಅನ್ನುತ್ತಾರೆ. ಸೊಣ್ಣಪ್ಪನದು ಮಣ್ಣುಗೋಡೆಯ ಹೆಂಚಿನ ಮನೆ, ಹುಣಸೆಮರದ ನೆರಳು ಬೇರೆ. ಅದನ್ನೂ ಹೇಳಿದೆ. ಆದರೆ ಹೇಳಬೇಕಾಗಿದ್ದದ್ದು ಅದಾಗಿರಲಿಲ್ಲ.

ಆವುಲಪ್ಪ ನ್ಯಾಯವಂತ ಮನುಷ್ಯರು. ಮಾರನೆಯ ದಿನ ಸೋಮವಾರ ಅವರೊಬ್ಬರೇ ಚಾಕಿ ಕೇಂದ್ರಕ್ಕೆ ಬಂದರು. ರಾಮಕೃಷ್ಣಪ್ಪ ಕುರ್ಚಿಯಲ್ಲಿದ್ದರು, ನಾನು ಪಕ್ಕದಲ್ಲಿ ಸೊಪ್ಪು ಹೆಚ್ಚುತ್ತಿದ್ದೆ.

"ಜಗಳಕ್ಕೆ ಬಂದಿಲ್ಲ ರಾಮಕೃಷ್ಣಪ್ಪ," ಎಂದರು. "ಮನೇಲಿ ಸೊಸೇನ ಕಳಿಸ್ಬುಡು ಅಂತ ಕೂತವ್ಳೆ ನಮ್ಮೋಳು. ಪರರ ಮನೆ ಹೆಣ್ಣುಮಗು. ಅದರ ಮೇಲೆ ಹಾಕೋಕೆ ಮುಂಚೆ ನಿಮ್ಮ ಕಡೆ ಏನಾದ್ರೂ ಹೆಚ್ಚುಕಮ್ಮಿ ಆಗಿತ್ತಾ ಅಂತ ಕೇಳ್ಕೊಂಡು ಹೋಗಾನ ಅಂತ ಬಂದೆ."

ರಾಮಕೃಷ್ಣಪ್ಪನವರಿಗೆ ಬೇಜಾರಾಗಲಿಲ್ಲ. "ಯತಿರಾಜ, ಬುಕ್ಕು ತಗೊಂಬಾ," ಎಂದರು. ನಾನು ತಂದುಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಒಂದೊಂದೇ ದಿನ ಓದಿದರು. "ಏಳನೇ ತಾರೀಕು ಇಪ್ಪತ್ತೇಳು. ಎಂಟು, ಇಪ್ಪತ್ತೆಂಟು. ಒಂಬತ್ತು, ಇಪ್ಪತ್ತೆಂಟು. ಹತ್ತು, ಇಪ್ಪತ್ತೆಂಟು. ನೋಡ್ಕೊ ಆವುಲಪ್ಪ. ಈ ಹುಡ್ಗ ಹೆದ್ರುಪುಕ್ಲ ಇರ್ಬೋದು. ಅರ್ಧ ಡಿಗ್ರಿ ಆಚೆ ಈಚೆ ಬರ್ಯೋನಲ್ಲ."

ಆವುಲಪ್ಪ ನನ್ನ ಕಡೆ ನೋಡಿದರು. ಎರಡು ಸಲ ಕೇಳಿದರು. "ಏನೂ ಆಗಿಲ್ಲ ತಾನೆ ಕಣಪ್ಪ? ಏನೂ ಆಗಿಲ್ಲ ತಾನೆ?"

ನನ್ನ ಕೈಯಲ್ಲಿ ಕತ್ತಿಯಿತ್ತು, ಮುಂದೆ ಸೊಪ್ಪಿತ್ತು. ಕೆಲಸ ಹೋಗುತ್ತದೆ ಎಂಬ ಭಯವಷ್ಟೇ ಅಲ್ಲ, ರಾಮಕೃಷ್ಣಪ್ಪ ಮೊದಲ ಸಲ ನನ್ನನ್ನು ಇನ್ನೊಬ್ಬರೆದುರು ಹೊಗಳಿದ್ದರು. ಇದನ್ನು ಬರೆಯಲು ಇಷ್ಟವಿಲ್ಲ, ಆದರೆ ನಿಜ. ಅಲ್ಲದೆ, ಒಂದು ಸಂಜೆಯ ಒಂದು ಅಗ್ಗಿಷ್ಟಿಕೆಯಿಂದಲೇ ಆಯಿತೆಂದು ಹೇಗೆ ಹೇಳುವುದು, ಹುಳು ಸೊಪ್ಪು ತಿಂದಿತ್ತಲ್ಲ ಎಂದು ಮನಸ್ಸು ಒಳಗೊಳಗೇ ವಾದ ಹೂಡುತ್ತಿತ್ತು.

"ಇಲ್ಲ ಗೌಡ್ರೆ," ಎಂದೆ.

"ಹಂಗಾದ್ರೆ ನಮ್ಮನೇಲೇ ಆಗಿರಾದು," ಎಂದು ಅವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು.

ಮಂಗಳವಾರ ಸಂಜೆ ನಾನು ತರಗತಿಗೆಂದು ಹೊಸೂರಿನ ಬಸ್ ನಿಲ್ದಾಣದಲ್ಲಿ ಇಳಿದಾಗ, ಸೇಲಂ ಬಸ್ಸಿನ ಕಿಟಕಿಯ ಪಕ್ಕ ಸೆಲ್ವಿ ಕೂತಿದ್ದಳು. ಅಲ್ಲಿಂದ ಮುಂದೆ ಇನ್ನೊಂದು ಬಸ್ಸು ಹಿಡಿದು ಕಡಲೂರಿಗೆ. ವೇಣು ನೀರಿನ ಬಾಟಲಿ ತರಲು ಹೋಗಿದ್ದ. ಮಡಿಲಲ್ಲಿ ಒಂದು ಚೀಲ. ನಾನು ತಿರುಗಿ ಹೋಗಿಬಿಡಬೇಕೆಂದಿದ್ದೆ, ಅಷ್ಟರಲ್ಲಿ ಅವಳೇ ಕರೆದಳು.

"ಅಣ್ಣಾ, ಸೊಣ್ಣಪ್ಪ ಅವ್ರ ಮನೆ ಹುಳ ಗೂಡು ಕಟ್ತಾ?"

"ಕಟ್ತಾ ಇದೆ," ಎಂದೆ.

"ಅದೂ ನೀವು ಕೊಟ್ಟ ಹುಳನೇ ಅಲ್ವಾ? ನಮಗೆ ಕೊಟ್ಟಿದ್ದೇ?"

"ಹೂಂ. ಅದೇ."

ಅವಳು ಮಡಿಲ ಚೀಲವನ್ನು ಸರಿಮಾಡಿಕೊಂಡಳು. "ನಾನು ಇದನ್ನೆಲ್ಲ ನಂಬ್ತಾನೇ ಇರ್ಲಿಲ್ಲ ಅಣ್ಣಾ. ಹಾಸ್ಟೆಲಲ್ಲಿ ನಗ್ತಾ ಇದ್ವಿ. ಆದ್ರೆ ಅವ್ರದು ಬದುಕಿ ನಮ್ಮದು ಮಾತ್ರ ಹೋಯ್ತು ಅಂದ್ರೆ, ಹಂಗಾದ್ರೆ ನಾನೇ ಇರ್ಬೇಕು."

ವೇಣು ಬರುವುದು ಕಾಣಿಸಿತು. ಕಂಡಕ್ಟರ್ ಸೀಟಿ ಊದಿದ. ನಾನು ಹೇಳುವುದಿದ್ದರೆ ಆಗ ಹೇಳಬೇಕಿತ್ತು. "ಹಂಗೆಲ್ಲ ಏನಿಲ್ಲ, ಹುಷಾರಾಗಿ ಹೋಗಿ," ಎಂದೆ. ಬಸ್ಸು ಹೊರಟಿತು. ಅವತ್ತು ತರಗತಿಯಲ್ಲಿ ಹಿಂದಿನ ಪರೀಕ್ಷೆಯ ಉತ್ತರ ಪತ್ರಿಕೆ ಕೊಟ್ಟರು. ನನಗೆ ಎಲ್ಲರಿಗಿಂತ ಹೆಚ್ಚು ಅಂಕ ಬಂದಿತ್ತು.

ಮಾರ್ಚಿನಲ್ಲಿ ಒಂದು ಮಳೆ ಬಿದ್ದು ಹವೆ ತಂಪಾಯಿತು. ಜನ ಆ ಸೆಕೆಯನ್ನು ಮರೆತೇಬಿಟ್ಟರು. ನನ್ನ ಕಣ್ಣು ಮಾತ್ರ ಬೆಳಗ್ಗೆ ಚಾಕಿ ಕೋಣೆಯ ಬಾಗಿಲು ತೆಗೆಯುವಾಗಲೆಲ್ಲ ಮೊದಲು ಉಷ್ಣಮಾಪಕದ ಕಡ್ಡಿಗೇ ಹೋಗುತ್ತಿತ್ತು. ಯುಗಾದಿಯ ಹಿಂದಿನ ದಿನ ಮನಸ್ಸು ಗಟ್ಟಿ ಮಾಡಿಕೊಂಡು ಆವುಲಪ್ಪನವರ ಮನೆಗೆ ಹೋದೆ. ಗಂಡಹೆಂಡತಿ ಇಬ್ಬರೂ ಇದ್ದರು. ವೇಣು ರಜೆಯಲ್ಲಿ ಮನೆಯಲ್ಲಿದ್ದ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಕೆಂಡ ಇಟ್ಟದ್ದು, ಮೂವತ್ತಾರು, ಅಯಸ್ಕಾಂತ, ಇಪ್ಪತ್ತೆಂಟು ಎಂದು ಬರೆದದ್ದು.

ಬೈಯುತ್ತಾರೆ, ಹೊಡೆದರೂ ಹೊಡೆಯಬಹುದು ಎಂದು ಎಣಿಸಿದ್ದೆ. ವರಲಕ್ಷ್ಮಮ್ಮ ಬೇವಿನ ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ಮೂವತ್ತಾರು ಇತ್ತು ಅನ್ನೋದಕ್ಕೆ ಏನಾದ್ರೂ ಐತಾ?"

"ಇಲ್ಲ ಅಮ್ಮ. ನಾನು ನೋಡಿದ್ದೆ."

"ಬುಕ್ಕಲ್ಲಿ ಇಪ್ಪತ್ತೆಂಟು ಅಂತೈತಲ್ಲ. ನಿನ್ನ ಕೈಬರಹ ತಾನೆ?"

"ಹೂಂ. ಅದು ಸುಳ್ಳು ಬರೆದಿದ್ದು."

"ಆವತ್ತು ಬರ್ದಿದ್ದು ಸುಳ್ಳಾ, ಇವತ್ತು ಹೇಳ್ತಿರೋದು ಸುಳ್ಳಾ?" ಅವರು ತಲೆಯೆತ್ತಿ ಗಂಡನ ಕಡೆ ತೋರಿಸಿದರು. "ಆವಯ್ಯ ಎರಡು ಸಲ ಕೇಳ್ದ ನಿನ್ನ. ಏನೂ ಆಗಿಲ್ಲ ಅಂದೆ. ಈಗ ಅವ್ಳು ಹೋಗಿ ತಿಂಗಳಾದ್ಮೇಲೆ ಬಂದು ನಂದೇ ತಪ್ಪು ಅಂತ ನಿಂತಿದ್ದೀಯ. ಬಸ್ ಸ್ಟ್ಯಾಂಡಲ್ಲಿ ಕಿಟಕಿ ಹತ್ರ ನಿಂತು ಮಾತಾಡ್ತಿದ್ಯಂತೆ, ವೇಣು ನೋಡವ್ನೆ. ನಿಂಗ್ಯಾಕಪ್ಪ ಅವಳ ಮೇಲೆ ಅಷ್ಟು ಕನಿಕರ?"

ನಾನು ವೇಣುವಿನ ಕಡೆ ನೋಡಿದೆ. ಅವನು ಎದ್ದು ನಿಂತಿದ್ದ. ಆವತ್ತು ಶಿವರಾತ್ರಿಯ ದಿನ ಕೀಲಿ ನೋಡುತ್ತಿದ್ದವನು, ಈಗ ನನ್ನನ್ನು ನೋಡುತ್ತಿದ್ದ.

"ಅವ್ಳು ಅಣ್ಣಾ ಅಣ್ಣಾ ಅಂತಿದ್ದಾಗ್ಲೇ ಅನ್ಕೊಂಡೆ," ಎಂದರು ವರಲಕ್ಷ್ಮಮ್ಮ.

"ಸಾಕು ಸುಮ್ಕಿರೇ," ಎಂದರು ಆವುಲಪ್ಪ. ಆದರೆ ನನ್ನ ಕಡೆ ತಿರುಗಿ, "ನೀನು ಹೋಗ್ಬುಡಪ್ಪ. ಇನ್ನ ಈ ಕಡೆ ಬರ್ಬೇಡ," ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ನಂಬಿದರೋ ಇಲ್ಲವೋ ಕೂಡ ತಿಳಿಯಲಿಲ್ಲ.

ನಾನು ಅವಳನ್ನು ಬಿಡಿಸಲು ಹೋಗಿ ಅವಳ ತಲೆಯ ಮೇಲೆ ಇನ್ನೊಂದನ್ನು ಹೊರಿಸಿ ಬಂದೆ. ಮೊದಲು ಅವಳು ಕಟ್ಟು ಮುರಿದವಳಾಗಿದ್ದಳು. ಯುಗಾದಿ ಕಳೆಯುವಷ್ಟರಲ್ಲಿ ಹಳ್ಳಿಯಲ್ಲಿ ಆಡಿಕೊಳ್ಳುತ್ತಿದ್ದ ಮಾತೇ ಬೇರೆಯಾಗಿತ್ತು. ಅದು ರಾಮಕೃಷ್ಣಪ್ಪನವರ ಕಿವಿಗೂ ಬಿತ್ತು. ಅವರು ರಿಜಿಸ್ಟರಿನ ವಿಷಯ ಎತ್ತಲಿಲ್ಲ. "ಹೆಣ್ಣಿನ ವಿಷಯ ಬಂದ್ಮೇಲೆ ಮನೆಮನೆಗೆ ಹೋಗೋ ಕೆಲಸಕ್ಕೆ ಆಗಲ್ಲ ಕಣ್ಲಾ," ಎಂದು ತಿಂಗಳ ಕೊನೆಗೆ ಬಿಡಿಸಿದರು. ನಾನು ಹೊಸೂರಿನ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಸೇರಿಕೊಂಡೆ.

ಸೆಲ್ವಿಗೆ ಒಂದು ಕಾಗದ ಬರೆಯಬೇಕೆಂದು ಅವಳ ಜೊತೆ ಹಾಸ್ಟೆಲಿನಲ್ಲಿದ್ದ ಹುಡುಗಿಯರ ಹತ್ತಿರ ಒಬ್ಬರ ಮೂಲಕ ವಿಳಾಸ ಕೇಳಿಸಿದೆ. ಯಾರು ಕೇಳುತ್ತಿರುವುದು ಎಂದು ವಿಚಾರಿಸಿದರಂತೆ. ನನ್ನ ಹೆಸರು ಹೇಳಿದ ಮೇಲೆ ಕೊಡಲಿಲ್ಲ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳಿ ಮುಗಿಸುತ್ತೇನೆ. 

ಆ ಹುಳುಗಳನ್ನು ಕೊಂದದ್ದು ನನ್ನ ಅಗ್ಗಿಷ್ಟಿಕೆಯೋ ಸಿಮೆಂಟ್ ಶೀಟಿನ ಸೂರೋ ನನಗೆ ಗೊತ್ತಿಲ್ಲ. ಸೊಣ್ಣಪ್ಪನ ಗೂಡಿನ ಇಳುವರಿ ಎಷ್ಟು ಬಂತೆಂದು ಎರಡು ಸಲ ಕೇಳಿದೆ, ಪರವಾಗಿಲ್ಲ ಎಂದನೇ ಹೊರತು ಅಂಕಿ ಹೇಳಲಿಲ್ಲ. ಅಂದು ಬೆಳಗ್ಗೆ ನಾನು ೩೬ ಎಂದು ಬರೆದಿದ್ದರೆ ವರಲಕ್ಷ್ಮಮ್ಮ ಸೊಸೆಯನ್ನು ಉಳಿಸಿಕೊಳ್ಳುತ್ತಿದ್ದರೋ, ಬೇರೆ ಕಾರಣ ಹುಡುಕುತ್ತಿದ್ದರೋ ತಿಳಿಯದು. ಸೆಲ್ವಿ ಮತ್ತೆ ಬರಲಿಲ್ಲ ಎಂಬುದಷ್ಟು ಗೊತ್ತು. ಅವಳು ಈಗ ಎಲ್ಲಿದ್ದಾಳೆ, ನಾನು ಹೋಗಿ ಹೇಳಿದ ವಿಷಯ ಯಾರಾದರೂ ಅವಳಿಗೆ ತಲುಪಿಸಿದರೇ, ಅಥವಾ ತಾನೇ ಕಾರಣವಿರಬೇಕು ಎಂದುಕೊಂಡೇ ಇದ್ದಾಳೆಯೇ, ನನಗೆ ಗೊತ್ತಿಲ್ಲ.